ಒಬ್ಬಳೇ ಉಳಿದದ್ದಕ್ಕೆ ತೆರಿಗೆ

ಆದಾಯ ತೆರಿಗೆಯ ಮುಖ್ಯ ಆಯುಕ್ತರ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ನನ್ನ ಗಂಡ ಲಾರಿಗೆ ಸಿಕ್ಕಿ ಸತ್ತದ್ದರಿಂದ ನನಗೆ ಆದಾಯ ಬಂದಿದೆ ಎಂದು ತಮ್ಮ ಇಲಾಖೆ ತೀರ್ಮಾನಿಸಿದೆ. ಬಂದ ಆದಾಯದಲ್ಲಿ ಹತ್ತರಲ್ಲೊಂದು ಪಾಲನ್ನು ನನ್ನ ಕೈ ಮುಟ್ಟುವ ಮೊದಲೇ ಹಿಡಿದುಕೊಂಡೂ ಆಗಿದೆ. ಆ ಹಣವನ್ನು ನನಗೆ ವಾಪಸು ಕೊಡಿ ಎಂದು ಕೇಳಲು ಈ ಪತ್ರ. ಖಾಸಗಿಯಾಗಿ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಆದ್ದರಿಂದ ಈಗ ಊರಿನವರೆಲ್ಲ ಓದಲಿ ಎಂದು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನನ್ನ ಮಾನದ ಬಗ್ಗೆ ತಾವು ಚಿಂತಿಸಬೇಕಾಗಿಲ್ಲ. ಗಂಡನ ಸಂಬಳವೆಷ್ಟು, ಮನೆಗೆ ಕೊಡುತ್ತಿದ್ದದ್ದೆಷ್ಟು, ಸ್ವಂತಕ್ಕೆ ಖರ್ಚು ಮಾಡಿಕೊಳ್ಳುತ್ತಿದ್ದದ್ದೆಷ್ಟು ಎಂದು ತುಂಬಿದ ಕೋರ್ಟಿನಲ್ಲಿ ಹೇಳಿ ಬಂದವಳಿಗೆ ಪತ್ರಿಕೆ ಏನು ಮಹಾ.

ಹಿಡಿದ ಮೊತ್ತ ಇಪ್ಪತ್ತೊಂದು ಸಾವಿರ ಚಿಲ್ಲರೆ. ತಮ್ಮ ಇಲಾಖೆಗೆ ಅದು ಕಾಫಿ ಕಾಸು ಇರಬಹುದು. ನನಗೆ ಅದು ಒಂದು ಬಾಗಿಲು. ಹೊಳೆನರಸೀಪುರದಲ್ಲಿ ದೇವಸ್ಥಾನದ ಹಿಂದಿನ ವಠಾರದಲ್ಲಿ ಎರಡು ಕೋಣೆಯ ಪೋರ್ಷನ್ನಿನಲ್ಲಿ ಭೋಗ್ಯಕ್ಕಿದ್ದೇನೆ. ಭೋಗ್ಯದ ಹಣ ಹೆಚ್ಚಿಸಬೇಕು, ಗೌರಿಹಬ್ಬದೊಳಗೆ ಆಗದಿದ್ದರೆ ಮನೆ ಬಿಟ್ಟುಕೊಡಿ ಎಂದು ಮಾಲೀಕರು ಹೇಳಿದ್ದಾರೆ. ಅವರು ಕೆಟ್ಟವರಲ್ಲ, ಎರಡು ವರ್ಷದಿಂದ ಸುಮ್ಮನಿದ್ದರು. ಗಂಡನ ಸಾವಿಗೆ ಬಂದ ಪರಿಹಾರದ ಬಹುಪಾಲು ಐದು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿರಬೇಕು ಎಂದು ನ್ಯಾಯಮಂಡಳಿಯ ಆದೇಶ. ಕೈಗೆ ಬಂದ ಉಳಿಕೆ, ಅತ್ತೆಯವರ ಕಾಯಿಲೆಗೆ ಮಾಡಿದ ಸಾಲಕ್ಕೂ ವಕೀಲರ ಫೀಸಿಗೂ ಹೋಯಿತು. ಈಗ ನನಗೆ ಕಡಿಮೆ ಬಿದ್ದಿರುವುದು ಹೆಚ್ಚೂಕಡಿಮೆ ತಾವು ಹಿಡಿದಷ್ಟೇ. ಅದು ಬಾರದಿದ್ದರೆ ನಾನು ಅರಕಲಗೂಡಿನಲ್ಲಿರುವ ನನ್ನ ತಮ್ಮ ಗೌರೀಶಂಕರನ ಮನೆಗೆ ಹೋಗಬೇಕು. ಅವನು ಬಾ ಎಂದಿದ್ದಾನೆ. ಅಡುಗೆಮನೆಯ ಹಿಂದಿನ ಕೋಣೆಯನ್ನು ಖಾಲಿ ಮಾಡಿಸಿದ್ದಾನೆ ಕೂಡ. ಐವತ್ತು ದಾಟಿದ ವಿಧವೆ ತಮ್ಮನ ಮನೆಯ ಹಿಂದಿನ ಕೋಣೆಗೆ ಹೋಗುವುದೆಂದರೆ ಏನು ಎಂದು ತಮಗೆ ವಿವರಿಸಬೇಕಾಗಿಲ್ಲ. ವಿವರಿಸಬೇಕಾಗಿದ್ದರೆ ತಮ್ಮ ಮನೆಯ ಹೆಂಗಸರನ್ನು ಕೇಳಿ.

ನಡೆದದ್ದನ್ನು ಹೇಳುತ್ತೇನೆ. ನನ್ನ ಯಜಮಾನರು ಯೋಗಾನರಸಿಂಹ, ಹಳ್ಳಿಮೈಸೂರಿನ ಪ್ರೌಢಶಾಲೆಯಲ್ಲಿ ಸಂಸ್ಕೃತ ಮೇಷ್ಟ್ರು. ೧೯೯೬ರ ಆಷಾಢದಲ್ಲಿ ಒಂದು ಸಾಯಂಕಾಲ ಊರಿಗೆ ಬರುವ ಬಸ್ಸಿಗಾಗಿ ರಸ್ತೆ ಬದಿಯಲ್ಲಿ ನಿಂತಿದ್ದರು. ಪಕ್ಕದಲ್ಲಿ ಪುಟ್ಟರಾಜು ಎಂಬ ರೈತ, ಸುಟ್ಟುಹೋದ ಪಂಪ್‌ಸೆಟ್ ಮೋಟಾರನ್ನು ರಿಪೇರಿಗೆ ತರಲು ಗೋಣಿಚೀಲದಲ್ಲಿ ಕಟ್ಟಿಕೊಂಡು ನಿಂತಿದ್ದ. ಅವನ ಮಗ ಇವರ ಶಾಲೆಯಲ್ಲಿ ಓದುತ್ತಿದ್ದನಾದ್ದರಿಂದ ಮಾತಾಡುತ್ತಿದ್ದರಂತೆ. ರಾಮನಾಥಪುರದ ಕಡೆಯಿಂದ ಹೊಗೆಸೊಪ್ಪಿನ ಬೇಲು ಹೇರಿಕೊಂಡು ಬಂದ ಲಾರಿ ರಸ್ತೆ ಬಿಟ್ಟು ಇಬ್ಬರ ಮೇಲೂ ಹರಿಯಿತು. ಅಲ್ಲಿಗೆ ಮುಗಿಯಿತು. ಆಮೇಲಿನದನ್ನು ನಾನು ಬರೆಯುವುದಿಲ್ಲ. ಆ ಭಾಗಕ್ಕೆ ತೆರಿಗೆ ಇಲ್ಲವಾದ್ದರಿಂದ ತಮಗೂ ಬೇಡ.

ಪರಿಹಾರಕ್ಕೆ ಅರ್ಜಿ ಹಾಕಬೇಕು ಎಂದು ಹಾಸನದ ವಕೀಲರಾದ ಈಶ್ವರಯ್ಯನವರು ಮನೆಗೇ ಬಂದು ಹೇಳಿದರು. ಮಕ್ಕಳಿಲ್ಲ, ಆದ್ದರಿಂದ ಹೆಂಡತಿ ಮತ್ತು ತಾಯಿ ಇಬ್ಬರ ಹೆಸರಿನಲ್ಲೂ ಹಾಕೋಣ ಎಂದರು. ನನ್ನ ಅತ್ತೆ ಸುಂದರಮ್ಮನವರು ಒಪ್ಪಲಿಲ್ಲ. ಇದು ತಮಗೆ ಅರ್ಥವಾಗಬೇಕಾದರೆ ನಮ್ಮ ಮನೆಯ ಕಥೆ ಸ್ವಲ್ಪ ಗೊತ್ತಿರಬೇಕು. ನಮ್ಮ ಮಾವನವರ ಮನೆತನ ದೇವಸ್ಥಾನದ ಪೂಜೆಯದು. ಸಾವಿನ ಮನೆಯಲ್ಲಿ ಹತ್ತು, ಹನ್ನೊಂದನೆಯ ದಿನ ಕೊಡುವ ದಾನವನ್ನು ಆ ಮನೆಯವರು ಯಾವ ಕಾಲದಲ್ಲೂ ಹಿಡಿದವರಲ್ಲ. ಊಟಕ್ಕಿಲ್ಲದ ವರ್ಷಗಳಲ್ಲೂ ಹಿಡಿಯಲಿಲ್ಲವಂತೆ. ಅದನ್ನು ಹಿಡಿಯುವವರು ಬೇರೆ, ನಾವು ಬೇರೆ ಎಂಬ ಒಂದು ಬಿಗುಮಾನ. ಸರಿಯೋ ತಪ್ಪೋ, ಆಕೆ ಅದರಲ್ಲೇ ಬೆಳೆದವರು. ವಿಮಾ ಕಂಪನಿಯ ಚೆಕ್ಕು ಆಕೆಯ ಕಣ್ಣಿಗೆ ಆ ದಾನದ ಹಾಗೆಯೇ ಕಂಡಿತು. ಅದೂ ಸ್ವಂತ ಮಗನ ಸಾವಿನದು.

"ನಾನು ಹೆತ್ತ ಮಗನ ಪ್ರಾಣಕ್ಕೆ ರೇಟು ಕೇಳೋ ಕಾಗದಕ್ಕೆ ನನ್ನ ರುಜು ಬೇಡ ಕಣೇ ಹಂಸ" ಎಂದರು. "ನೀನು ತೊಗೋ. ನೀನು ಇನ್ನೂ ಬದುಕಬೇಕು."

ಈಶ್ವರಯ್ಯನವರು ಕಾನೂನು ಹೇಳಿದರು, ನಾನು ಅತ್ತು ಕೇಳಿಕೊಂಡೆ. ಏನೂ ನಡೆಯಲಿಲ್ಲ. ನನಗೆ ಪಾಲು ಬೇಡ ಎಂದು ಆಕೆ ಬರೆದುಕೊಟ್ಟರು. ಹೀಗೆ ನಾನು ಏಕೈಕ ಅರ್ಜಿದಾರಳಾದೆ. ಆ ಮಾತು ಆಗ ಬರೀ ವಕೀಲರ ಭಾಷೆಯಾಗಿ ಕೇಳಿಸಿತ್ತು.

ಪುಟ್ಟರಾಜುವಿನ ಹೆಂಡತಿ ಪುಟ್ಟತಾಯಮ್ಮನನ್ನು ನಾನು ಮೊದಲು ನೋಡಿದ್ದು ಹಾಸನದ ಕೋರ್ಟಿನ ಮೆಟ್ಟಿಲ ಮೇಲೆ. ಇಬ್ಬರ ಕೇಸಿಗೂ ಒಂದೇ ಲಾರಿ, ಒಂದೇ ವಿಮೆ, ಒಬ್ಬರೇ ವಕೀಲರು, ಆದ್ದರಿಂದ ವಾಯಿದೆಯೂ ಒಂದೇ ದಿನ. ಅವಳು ಹಳ್ಳಿಮೈಸೂರಿನಿಂದ ಬಂದು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದಳು, ಅಲ್ಲಿಂದ ಜೊತೆಯಾಗಿ ಹೋಗುತ್ತಿದ್ದೆವು. ಮೊದಮೊದಲು ನನ್ನನ್ನು ಅಮ್ನೋರೇ ಎನ್ನುತ್ತಿದ್ದಳು, ಸೀಟಿನಲ್ಲಿ ಪಕ್ಕ ಕೂರಲೂ ಹಿಂದುಮುಂದು ನೋಡುತ್ತಿದ್ದಳು. ಎರಡನೆಯ ವರ್ಷದ ಹೊತ್ತಿಗೆ ಅಕ್ಕಾ ಆದೆ. ಕಡಲೆಕಾಯಿ ಬೇಯಿಸಿ ತರುತ್ತಿದ್ದಳು. ನಾನು ಮೊಸರನ್ನ ತರುತ್ತಿದ್ದೆ. ಕೋರ್ಟಿನ ಆವರಣದ ಹೊಂಗೆ ಮರದ ಕೆಳಗೆ ಕೂತು ತಿಂದು, ಜಡ್ಜು ರಜೆ ಎಂದೋ ಕಂಪನಿಯ ವಕೀಲರು ಬಂದಿಲ್ಲ ಎಂದೋ ಕೇಳಿಸಿಕೊಂಡು, ಮುಂದಿನ ತಾರೀಖು ಬರೆಸಿಕೊಂಡು ವಾಪಸು ಬರುತ್ತಿದ್ದೆವು. ತಾವು ಆದಾಯ ಎನ್ನುತ್ತೀರಲ್ಲ, ಅದನ್ನು ನಾವು ಸಂಪಾದಿಸಿದ್ದು ಹೀಗೆ.

ನಮ್ಮಿಬ್ಬರ ಸಾಕ್ಷಿಯ ದಿನ ಒಂದು ಫಜೀತಿಯಾಯಿತು. ಗಂಡನ ಹೆಸರೇನು ಎಂದು ಕೇಳುತ್ತಾರೆ, ನೀವೇ ಬಾಯಿಬಿಟ್ಟು ಹೇಳಬೇಕು ಎಂದು ಈಶ್ವರಯ್ಯನವರು ಮೊದಲೇ ಎಚ್ಚರಿಸಿದ್ದರು. ಜಾತಿ ಬೇರೆ, ಊರು ಬೇರೆ, ಗಂಡನ ಹೆಸರು ಹೇಳದಿರುವುದರಲ್ಲಿ ಮಾತ್ರ ನಾವಿಬ್ಬರೂ ಒಂದೇ. ಬಸ್ಸು ಮೊಸಳೆ ಎಂಬ ಊರು ದಾಟಿದ ಮೇಲೆ ಪುಟ್ಟತಾಯಮ್ಮ ಅಭ್ಯಾಸ ಮಾಡೋಣ ಎಂದಳು. ಅವಳ ಬಾಯಿಂದ ಅವನ ಹೆಸರು ಬರಲಿಲ್ಲ, ನನ್ನ ಬಾಯಿಂದ ಇವರ ಹೆಸರು ಬರಲಿಲ್ಲ. ಕೊನೆಗೆ ಅವಳ ಗಂಡನ ಹೆಸರನ್ನು ನಾನು ಹೇಳಿದೆ, ನನ್ನ ಗಂಡನ ಹೆಸರನ್ನು ಅವಳು ಹೇಳಿದಳು. ಇಬ್ಬರೂ ನಕ್ಕೆವು, ಕಂಡಕ್ಟರು ತಿರುಗಿ ನೋಡಿದ. ಕಟಕಟೆಯಲ್ಲಿ ನಿಂತು ಯೋಗಾನರಸಿಂಹ ಎಂದಾಗ ನನ್ನ ಕಿವಿಗೇ ಯಾರೋ ಬೇರೆಯವರ ಹೆಸರಿನ ಹಾಗೆ ಕೇಳಿಸಿತು. ಬದುಕಿದ್ದಾಗ ಒಂದು ಸಲವೂ ಹಾಗೆ ಕರೆದಿರಲಿಲ್ಲ. ಎದುರಿನ ವಕೀಲರು ಸಂಬಳದ ವಿಷಯಕ್ಕೆ ಹೋದರು.

ನ್ಯಾಯಮಂಡಳಿ ಎರಡು ಸಾವಿರನೇ ಇಸವಿಯಲ್ಲಿ ತೀರ್ಪು ಕೊಟ್ಟಿತು. ಕಂಪನಿ ಬೆಂಗಳೂರಿಗೆ ಅಪೀಲು ಹೋಯಿತು. ಅಪೀಲು ಅಲ್ಲೇ ಕೂತಿತು, ವಾಯಿದೆಯ ಸುದ್ದಿ ಕೇಳಲು ನಾವಿಬ್ಬರೂ ಹಾಸನಕ್ಕೆ ವಕೀಲರ ಬಳಿ ಹೋಗುತ್ತಲೇ ಇದ್ದೆವು. ೨೦೦೩ರಲ್ಲಿ ಅತ್ತೆ ಹೋದರು. ಕೊನೆಯ ತಿಂಗಳುಗಳಲ್ಲಿ ಮಗ ಬಸ್ಸಿಗೆ ಕಾಯುತ್ತಿದ್ದಾನೆ, ಕೊಡೆ ಕೊಟ್ಟು ಬಾ ಎಂದು ನನ್ನನ್ನು ಬಾಗಿಲಿಗೆ ಕಳಿಸುತ್ತಿದ್ದರು. ನಾನು ಹೋಗಿ ಬಾಗಿಲಲ್ಲಿ ನಿಂತು ಬರುತ್ತಿದ್ದೆ. ಆಕೆ ಹೋದ ಮೇಲೆ ಮನೆಯಲ್ಲಿ ಸುಳ್ಳು ಹೇಳುವುದಕ್ಕೂ ಒಬ್ಬರಿಲ್ಲ. ೨೦೦೫ರಲ್ಲಿ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಿ, ಅಸಲಿನ ಜೊತೆ ಬಡ್ಡಿ. ಗೆದ್ದಿರಿ ಎಂದು ಈಶ್ವರಯ್ಯನವರು ಕೈಮುಗಿದರು. ವಾಪಸು ಬರುವ ಬಸ್ಸಿನಲ್ಲಿ ಪುಟ್ಟತಾಯಮ್ಮ ಇನ್ನು ಮುಂದೆ ವಾಯಿದೆ ಇಲ್ಲವಲ್ಲ ಎಂದಳು. ನಾನು ಅದನ್ನು ಆವರೆಗೆ ಯೋಚಿಸಿರಲಿಲ್ಲ. ಮಾನ್ಯರೇ, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ದಿನ ನನಗೆ ಸಂತೋಷವಾಗಲಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಸೀರೆ ಉಟ್ಟು, ಬುತ್ತಿ ಕಟ್ಟಿ, ಒಬ್ಬರ ಜೊತೆ ಹೊರಡುವ ಒಂದು ಕೆಲಸವಿತ್ತು. ಅದು ಹೋಯಿತು.

ಈಗ ತೆರಿಗೆಗೆ ಬರುತ್ತೇನೆ. ಪರಿಹಾರದ ಅಸಲಿಗೆ ತಾವು ಕೈ ಹಾಕುವುದಿಲ್ಲ, ಅದಕ್ಕೆ ನಮಸ್ಕಾರ. ಸತ್ತ ಮನುಷ್ಯನ ಬೆಲೆ ಆದಾಯವಲ್ಲ ಎಂಬಷ್ಟು ತಿಳಿವಳಿಕೆ ಕಾಯ್ದೆಗೆ ಇದೆ. ಆದರೆ ಆ ಬೆಲೆಯನ್ನು ಕೊಡಲು ಒಂಬತ್ತು ವರ್ಷ ತಡಮಾಡಿದ್ದಕ್ಕೆ ಕೊಟ್ಟ ಬಡ್ಡಿ ಮಾತ್ರ ಆದಾಯ! ಹಾಗಾದರೆ ಲೆಕ್ಕ ಏನಾಯಿತು ನೋಡಿ. ಗಂಡ ಸತ್ತ ತಿಂಗಳೇ ಹಣ ಕೊಟ್ಟಿದ್ದರೆ ನಾನು ತಮಗೆ ಏನೂ ಕೊಡಬೇಕಾಗಿರಲಿಲ್ಲ. ಕಂಪನಿಯವರು ತಡಮಾಡಿದರು, ಆದ್ದರಿಂದ ನಾನು ಕೊಡಬೇಕು. ತಡಮಾಡಿದವರಿಗಲ್ಲ ದಂಡ, ಕಾದವರಿಗೆ. ಇದನ್ನು ಯಾವ ಪಂಚಾಯ್ತಿ ಕಟ್ಟೆಯ ಮೇಲೆ ಹೇಳಿದರೂ ಜನ ಎದ್ದು ಹೋಗುತ್ತಾರೆ. ಸಂಸತ್ತಿನಲ್ಲಿ ಹೇಳಿದಾಗ ಎಲ್ಲರೂ ಕೂತೇ ಇದ್ದರೆಂದು ಕಾಣುತ್ತದೆ.

ಬ್ಯಾಂಕಿನ ಬಡ್ಡಿಗೂ ತೆರಿಗೆ ಇಲ್ಲವೇ ಎಂದು ತಾವು ಕೇಳಬಹುದು. ತಮ್ಮ ಕಚೇರಿಯಲ್ಲಿ ಒಬ್ಬರು ಹಾಗೆಯೇ ಕೇಳಿದರು; ಸಭ್ಯರು, ಕುರ್ಚಿ ಹಾಕಿಸಿ ಕೂರಿಸಿ ಕೇಳಿದರು. ಸ್ವಾಮಿ, ಬ್ಯಾಂಕಿನಲ್ಲಿ ಹಣ ಇಡುವವರು ತಾವಾಗಿ ಹೋಗಿ ಇಡುತ್ತಾರೆ. ಬೇಕೆಂದಾಗ ತೆಗೆಯುತ್ತಾರೆ. ನಾನು ನನ್ನ ಗಂಡನನ್ನು ಆ ಕಂಪನಿಯಲ್ಲಿ ಠೇವಣಿ ಇಟ್ಟಿರಲಿಲ್ಲ. ಬೆಳೆಯಲಿ ಎಂದು ಬಿಟ್ಟ ಹಣವಲ್ಲ ಅದು, ಬಾರದೇ ಇದ್ದ ಹಣ. ಆ ಒಂಬತ್ತು ವರ್ಷದಲ್ಲಿ ಅಕ್ಕಿಯ ಬೆಲೆ, ಗ್ಯಾಸಿನ ಬೆಲೆ ಎಲ್ಲಿಗೆ ಹೋಯಿತು ಎಂದು ತಮ್ಮ ಸರ್ಕಾರವೇ ಪಟ್ಟಿ ಮಾಡುತ್ತದೆ. ಬಡ್ಡಿ ಸೇರಿಸಿದ ಮೇಲೂ ೧೯೯೬ರ ಅಸಲು ಅಲ್ಲಿಗೆ ಮುಟ್ಟಿರಲಾರದು. ಇದರಲ್ಲಿ ಹೆಚ್ಚಿದ್ದೇನು, ಬಂದದ್ದೇನು?

ಅದೂ ಹೋಗಲಿ. ಆ ಬಡ್ಡಿಯನ್ನು ಒಂಬತ್ತು ವರ್ಷಕ್ಕೆ ಹಂಚಿ ನೋಡಿದರೆ, ಕುಟುಂಬ ಪಿಂಚಣಿ ಸೇರಿಸಿದರೂ, ಯಾವ ವರ್ಷವೂ ನಾನು ತಮ್ಮ ತೆರಿಗೆಯ ಗಡಿಯ ಹತ್ತಿರ ಸುಳಿಯುವುದಿಲ್ಲ. ಒಂದೇ ವರ್ಷಕ್ಕೆ ಗುಡ್ಡೆ ಹಾಕಿದರೆ ಮಾತ್ರ ನಾನು ಶ್ರೀಮಂತೆ. ಒಂಬತ್ತು ವರ್ಷ ಹಸಿದವನಿಗೆ ಒಂದು ದಿನ ಊಟ ಹಾಕಿ, ಎಷ್ಟು ತಿನ್ನುತ್ತಾನೆ ನೋಡಿ ಎಂದ ಹಾಗಾಯಿತು. ಹಂಚುವುದೋ ಗುಡ್ಡೆ ಹಾಕುವುದೋ ಎಂಬುದು ಅಧಿಕಾರಿಗಳ ತೀರ್ಮಾನಕ್ಕೆ ಬಿಟ್ಟದ್ದು ಎಂದು ನಾನು ಕಾಗದಪತ್ರ ತೋರಿಸಿದ ಆಡಿಟರು ಹೇಳಿದರು. ಹಂಚಿದರೆ ನನ್ನ ಹಣ ಪೂರ್ತಿ ವಾಪಸು. ಗುಡ್ಡೆ ಹಾಕಿದರೆ ಬಹುಮಟ್ಟಿಗೆ ಗೋವಿಂದ. ವಾಪಸು ಕೊಡುವುದಾದರೆ ತಾವೂ ತಡಮಾಡಿದ್ದಕ್ಕೆ ಬಡ್ಡಿ ಸೇರಿಸಿ ಕೊಡುತ್ತೀರಂತೆ. ಆ ಬಡ್ಡಿಯೂ ನನ್ನ ಆದಾಯವಂತೆ, ಅದಕ್ಕೂ ತೆರಿಗೆಯಂತೆ. ಇದನ್ನು ಕೇಳಿದಾಗ ನಾನು ಆಡಿಟರ ಮುಂದೆ ಜೋರಾಗಿ ನಕ್ಕುಬಿಟ್ಟೆ, ಅವರು ನೀರು ತರಿಸಿದರು.

ಇದೆಲ್ಲಕ್ಕಿಂತ ನನ್ನನ್ನು ಚುಚ್ಚಿದ್ದು ಬೇರೆ. ಹಣ ಬಂದ ಮೇಲೆ ಒಂದು ದಿನ ಪುಟ್ಟತಾಯಮ್ಮ ಅವರೆಕಾಯಿ ಹೊತ್ತು ಮನೆಗೆ ಬಂದಳು. ಅವಳನ್ನು ನೋಡಿ ನನಗೆ ಎಷ್ಟು ಹಿಗ್ಗಾಯಿತೆಂದರೆ, ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಕಾಯಿ ಸುಲಿಯುತ್ತಾ, ನಿಮ್ಮದರಲ್ಲಿ ಎಷ್ಟು ಹಿಡಿದರು ಎಂದು ಕೇಳಿದೆ. ಏನೂ ಹಿಡಿದಿಲ್ಲ ಎಂದಳು. ನನಗೆ ನಂಬಿಕೆಯಾಗಲಿಲ್ಲ. ಬಡ್ಡಿಯ ಮೊತ್ತ ನನ್ನದಕ್ಕಿಂತ ಸ್ವಲ್ಪವೇ ಕಡಿಮೆ. ಆಡಿಟರನ್ನು ಕೇಳಿದಾಗ ಗುಟ್ಟು ತಿಳಿಯಿತು. ಒಬ್ಬೊಬ್ಬ ಹಕ್ಕುದಾರರಿಗೆ ಐವತ್ತು ಸಾವಿರ ದಾಟದ ಬಡ್ಡಿಗೆ ಮೂಲದಲ್ಲಿ, ಅಂದರೆ ಹಣ ಕೊಡುವಾಗಲೇ, ತೆರಿಗೆ ಹಿಡಿಯುವ ಹಾಗಿಲ್ಲ. ಪುಟ್ಟತಾಯಮ್ಮನ ಮನೆಯಲ್ಲಿ ಅವಳು, ಅತ್ತೆ ನಂಜಮ್ಮ, ಮಗ ಅನಿಲ್‌ಕುಮಾರ್, ಮಗಳು ನಿಸರ್ಗ, ನಾಲ್ವರು ಹಕ್ಕುದಾರರು. ನಾಲ್ಕು ಪಾಲಾಯಿತು, ಯಾವ ಪಾಲೂ ಐವತ್ತು ಸಾವಿರ ದಾಟಲಿಲ್ಲ. ನನ್ನದು ಒಂದೇ ಪಾಲು. ಎರಡು ಲಕ್ಷದ ಮೇಲಿನ ಬಡ್ಡಿ ಪೂರ್ತಿ ನನ್ನೊಬ್ಬಳ ತಲೆಯ ಮೇಲೆ ಬಿತ್ತು.

ಮಾನ್ಯರೇ, ಅವಳಿಂದ ಹಿಡಿಯಲಿಲ್ಲವೆಂದು ನನಗೆ ಹೊಟ್ಟೆಯುರಿಯಿಲ್ಲ. ಅವಳಿಂದ ಒಂದು ಪೈಸೆ ಹಿಡಿದಿದ್ದರೂ ಇದಕ್ಕಿಂತ ಖಾರವಾಗಿ ಬರೆಯುತ್ತಿದ್ದೆ. ಆದರೆ ತಮ್ಮ ಲೆಕ್ಕದ ಒಳಗೆ ಏನಿದೆ ಎಂದು ಒಂದು ಸಲ ನೋಡಿ. ಒಂದೇ ಲಾರಿ, ಒಂದೇ ಸಾಯಂಕಾಲ, ಒಂದೇ ಜಾಗದಲ್ಲಿ ನಿಂತ ಇಬ್ಬರು. ಸತ್ತವನ ಹಿಂದೆ ನಾಲ್ಕು ಜನ ಉಳಿದಿದ್ದರೆ ತೆರಿಗೆ ಇಲ್ಲ, ಒಬ್ಬಳೇ ಉಳಿದಿದ್ದರೆ ಇದೆ. ದುಃಖ ಹಂಚಿಕೊಳ್ಳಲು ಜನ ಇರುವವರಿಗೆ ಹಣವೂ ಹಂಚಿ ಉಳಿಯುತ್ತದೆ. ಯಾರೂ ಇಲ್ಲದವಳಿಂದ ಹಿಡಿಯುತ್ತೀರಿ. ನನ್ನ ಅತ್ತೆ ಅಂದು ಒಂದು ರುಜು ಹಾಕಿದ್ದರೆ ನನ್ನ ಹೆಸರಿನ ಪಾಲು ಅರ್ಧಕ್ಕಾದರೂ ಇಳಿಯುತ್ತಿತ್ತೋ ಏನೋ. ಮಗನ ಸಾವಿನಿಂದ ಹಣ ಮುಟ್ಟಲಾರೆ ಎಂದ ಮುದುಕಿಯ ಮರ್ಯಾದೆಗೆ ತಮ್ಮ ಕಾಯ್ದೆ ಇಟ್ಟ ಬೆಲೆ ಇದು. ಮಕ್ಕಳಾಗದ್ದಕ್ಕೆ ಊರವರು ನನ್ನನ್ನು ಸಾಕಷ್ಟು ಅಂದಿದ್ದಾರೆ. ಸರ್ಕಾರವೂ ರಸೀತಿ ಕೊಟ್ಟು ಅನ್ನುತ್ತದೆ ಎಂದು ತಿಳಿದಿರಲಿಲ್ಲ.

ಪುಟ್ಟತಾಯಮ್ಮನಿಗೆ ಇದನ್ನು ಹೇಳಬಾರದೆಂದಿದ್ದೆ. ಮುಂದಿನ ಸಲ ಅವರೆಕಾಯಿ ತಂದಾಗ ಅವಳಾಗಿಯೇ ಕೆದಕಿ ಕೇಳಿದಳು. ಕೇಳಿ, ಸುಲಿಯುತ್ತಿದ್ದ ಕಾಯಿಯನ್ನು ಕೆಳಗಿಟ್ಟಳು. ಆಮೇಲೆ ತಾನೇ ತಪ್ಪು ಮಾಡಿದವಳ ಹಾಗೆ ನನ್ನ ಕೈ ಹಿಡಿದುಕೊಂಡಳು.

"ನಮ್ಮನೇಲಿ ಜನ ಜಾಸ್ತಿ ಅವ್ರೆ ಕಣಕ್ಕಾ" ಎಂದಳು. "ಮೊದ್ಲೇ ಗೊತ್ತಿದ್ರೆ ನಮ್ ನಿಸರ್ಗನ್ನ ನಿಮ್ ಕಡೀಕೆ ಬರಸ್ಬುಡ್ತಿದ್ದೆ."

ಆ ಮಾತಿಗೆ ನಾನು ಅತ್ತದ್ದು ಅವಳು ಹೋದ ಮೇಲೆ, ಒಬ್ಬಳೇ. ಗಂಡ ಸತ್ತಾಗ, ಅತ್ತೆ ಸತ್ತಾಗ ಜನ ಸುತ್ತ ನಿಂತಿದ್ದರು, ಎಷ್ಟು ಅತ್ತೆನೋ ಅವರ ಎದುರಿಗೇ ಅತ್ತದ್ದು. ಅವತ್ತು ಅವಳನ್ನು ಬಸ್ಸು ಹತ್ತಿಸಿ ಬಂದು, ಅವರೆಕಾಯಿ ಸಿಪ್ಪೆ ಗುಡಿಸಿ, ಅಡುಗೆ ಮಾಡದೆ ಕೂತಿದ್ದೆ. ನನ್ನ ಕಡೆಗೆ ಬರೆಸಿಕೊಳ್ಳಲು ಒಂದು ಹೆಸರಿಲ್ಲ ಎಂಬುದು ನನಗೆ ಮೊದಲೂ ಗೊತ್ತಿತ್ತು. ಅದಕ್ಕೆ ಶೇಕಡಾ ಇಷ್ಟು ಎಂದು ದರ ಇದೆ ಎಂಬುದು ಮಾತ್ರ ಹೊಸದು.

ತಾವು ಲೆಕ್ಕದ ಮನುಷ್ಯರು, ಆದ್ದರಿಂದ ನನ್ನ ಬೇಡಿಕೆಯನ್ನು ಲೆಕ್ಕದ ಮಾತಿನಲ್ಲೇ ಹೇಳುತ್ತೇನೆ. ಅಪಘಾತದಲ್ಲಿ ಸತ್ತವರ ಮನೆಗೆ ತಡವಾಗಿ ಬಂದ ಹಣದ ಬಡ್ಡಿಯನ್ನು ಪರಿಹಾರದ ಭಾಗವೆಂದೇ ಎಣಿಸಿ, ಅದರಿಂದ ಏನನ್ನೂ ಹಿಡಿಯದಂತೆ ಮಾಡಿ. ಕಾಯ್ದೆ ತಿದ್ದುವುದು ತಮ್ಮ ಕೈಯಲ್ಲಿಲ್ಲದಿದ್ದರೆ, ತಿದ್ದುವವರಿಗೆ ತಾವು ಬರೆಯಿರಿ. ನಮ್ಮಂಥವರು ಬರೆದರೆ ಅವರು ಓದುವುದಿಲ್ಲ. ಅಲ್ಲಿಯವರೆಗೆ, ಆ ಬಡ್ಡಿಯನ್ನು ಕಾದ ವರ್ಷಗಳಿಗೆ ಹಂಚಿ ನೋಡಿ ಎಂದು ತಮ್ಮ ಅಧಿಕಾರಿಗಳಿಗೆ ಒಂದು ಸುತ್ತೋಲೆ ಕಳಿಸಿ. ಅದು ತಮ್ಮಿಂದ ಆಗುವ ಕೆಲಸ ಎಂದು ನಂಬಿದ್ದೇನೆ. ನನ್ನ ಹಣವನ್ನು ಗೌರಿಹಬ್ಬದೊಳಗೆ ವಾಪಸು ಕೊಡಿ.

ಇನ್ನೊಂದು ವಿಷಯ ತಿಳಿಸಬೇಕು. ವಾಪಸು ಬೇಕಾದರೆ ರಿಟರ್ನ್ಸ್ ಸಲ್ಲಿಸಬೇಕು, ಅದರಲ್ಲಿ ಈ ಬಡ್ಡಿಯನ್ನು "ಇತರ ಮೂಲಗಳಿಂದ ಬಂದ ಆದಾಯ" ಎಂದು ತೋರಿಸಲೇಬೇಕು, ಕೊನೆಯಲ್ಲಿ ಇದೆಲ್ಲ ಸತ್ಯವೆಂದು ಘೋಷಿಸಿ ರುಜು ಹಾಕಬೇಕು ಎಂದು ಆಡಿಟರು ಹೇಳಿದರು. ಆ ಜಾಗಕ್ಕೆ ಪೆನ್ನು ಇಟ್ಟು, ತೆಗೆದು, ಮತ್ತೆ ಇಟ್ಟು ಕೂತಿದ್ದೆ. ನನಗೆ ಮನೆ ಬೇಕು. ಆದ್ದರಿಂದ ನಿನ್ನೆ ರುಜು ಹಾಕಿ ಕೊಟ್ಟು ಬಂದೆ.

ಆ ಘೋಷಣೆ ಸುಳ್ಳು. ನನಗೆ ಅದರಿಂದ ಯಾವ ಆದಾಯವೂ ಬಂದಿಲ್ಲ, ಹಾಗೆಂದು ಗೊತ್ತಿದ್ದೂ ಬಂದಿದೆ ಎಂದು ಬರೆದುಕೊಟ್ಟಿದ್ದೇನೆ. ಸುಳ್ಳು ಹೇಳಿಕೆ ಕೊಟ್ಟವರನ್ನು ತಮ್ಮ ಕಾಯ್ದೆಯಲ್ಲಿ ಕೋರ್ಟಿಗೆ ಎಳೆಯಬಹುದಂತೆ. ದಯವಿಟ್ಟು ಎಳೆಯಿರಿ. ಅಲ್ಲಿ ಯಾರಾದರೂ ಒಬ್ಬರು, ಅಮ್ಮಾ, ಇದು ನಿನ್ನ ಆದಾಯವೇ ಎಂದು ನನ್ನನ್ನು ಕೇಳಲೇಬೇಕಾಗುತ್ತದೆ. ಇಷ್ಟು ವರ್ಷದಲ್ಲಿ ಅದೊಂದು ಪ್ರಶ್ನೆಯನ್ನು ಯಾರೂ ಕೇಳಿಲ್ಲ. ನೋಟಿಸು ಯಾವ ಹೊತ್ತಿಗೆ ಕಳಿಸಿದರೂ ಸರಿ, ನಾನು ಮನೆಯಲ್ಲೇ ಇರುತ್ತೇನೆ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಏಕೈಕ ಹಕ್ಕುದಾರಳಾದ,
ಹಂಸ
ಹೊಳೆನರಸೀಪುರ, ಜುಲೈ ೨೦೦೬